ಇಂಜಿನ್‌ನಲ್ಲಿ ಕಾರ್ಬನ್ ಕಟ್ಟುವುದೇಕೆ? ಕ್ಲೀನ್ ಮಾಡಿಸುವ ಮೊದಲು ಮೂಲ ಹುಡುಕಿ

ಪಿಕಪ್ ಇಲ್ಲ, ಮೈಲೇಜ್ ಇಳಿದಿದೆ, ಸಿಗ್ನಲ್‌ನಲ್ಲಿ ನಿಂತರೆ ಗಾಡಿ ನಡುಗುತ್ತದೆ. ಗ್ಯಾರೇಜಿಗೆ ಒಯ್ದರೆ ‘ಕಾರ್ಬನ್ ಕಟ್ಟಿದೆ, ಕ್ಲೀನಿಂಗ್ ಮಾಡಿಸಿ’ ಎನ್ನುತ್ತಾರೆ. ಮಾಡಿಸಿದ ಮೇಲೆ ಒಂದೆರಡು ತಿಂಗಳು ಗಾಡಿ ಹಗುರಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ ಪಾಡು. ಮಸಿ ತೆಗೆದರು, ಆದರೆ ಮಸಿ ಎಲ್ಲಿಂದ ಬರುತ್ತಿದೆ ಎಂದು ಯಾರೂ ನೋಡಲಿಲ್ಲ. ಸುಡುವ ಇಂಧನದಿಂದ ಸ್ವಲ್ಪ ಕಾರ್ಬನ್ ಹುಟ್ಟುವುದು ಸಹಜ. ಅದು ಇಂಜಿನ್‌ನಲ್ಲಿ ಎಲ್ಲಿ ಕೂತಿದೆ, ಒಣಗಿದೆಯೋ ಜಿಡ್ಡಾಗಿದೆಯೋ, ಎಷ್ಟು ಸಿಲಿಂಡರ್‌ಗಳಲ್ಲಿದೆ ಎಂಬ ಮೂರನ್ನು ಗಮನಿಸಿದರೆ ಮೂಲ ಬಹುಪಾಲು ಸಿಕ್ಕಿಬಿಡುತ್ತದೆ.

ಮಸಿ ಎರಡು ಬಗೆ

ಒಂದು ಒಣ ಮಸಿ. ಬತ್ತಿ ಜಾಸ್ತಿ ಏರಿಸಿದ ಲಾಟೀನಿನ ಗಾಜಿಗೆ ಹಿಡಿಯುವಂಥದ್ದು. ಬೆರಳಿಟ್ಟರೆ ನುಣ್ಣಗೆ ಅಂಟುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಇಂಧನ ಹೆಚ್ಚಾಗಿ ಗಾಳಿ ಕಡಿಮೆಯಾದಾಗ ಇದು ಹುಟ್ಟುತ್ತದೆ. ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಅದಕ್ಕಿಂತ ಕಡಿಮೆಯಾದಷ್ಟೂ ಉರಿಯದ ಇಂಗಾಲ ಉಳಿಯುತ್ತದೆ.

ಇನ್ನೊಂದು ಇಂಜಿನ್ ಆಯಿಲ್‌ನಿಂದ ಬರುವ ಕಿಟ್ಟ. ದಿನವೂ ಕರಿಯುವ ಬಾಣಲೆಯ ಅಂಚಿನಲ್ಲಿ ಎಣ್ಣೆ ಸುಟ್ಟು ಸುಟ್ಟು ಕಲ್ಲಿನಂತಾಗಿರುತ್ತದಲ್ಲ, ಅದೇ ರೀತಿ. ಮೊದಲು ಜಿಡ್ಡು, ಕಾದಂತೆ ಕಾದಂತೆ ಗಟ್ಟಿ. ಇದು ಒರೆಸಿದರೆ ಹೋಗುವಂಥದ್ದಲ್ಲ, ಕೆರೆಯಬೇಕು. ಇಂಜಿನ್‌ಗೆ ಹೆಚ್ಚು ಕಾಟ ಕೊಡುವುದೂ ಇದೇ.

ಮೊದಲ ಹೆಜ್ಜೆ: ಪ್ಲಗ್ ಬಿಚ್ಚಿ ನೋಡಿ

ಪೆಟ್ರೋಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್‌ಗಿಂತ ಅಗ್ಗದ ಪರೀಕ್ಷೆ ಇಲ್ಲ. ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇರುವಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತು ಬರುವ ಅಪಾಯವಿದೆ. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ನ ಕನೆಕ್ಟರ್ ತೆಗೆದು, 10 ಮಿ.ಮೀ. ಬೋಲ್ಟ್ ಬಿಚ್ಚಿ ಕಾಯಿಲ್ ಎತ್ತಿ. ಪ್ಲಗ್ ಗುಂಡಿಯೊಳಗಿನ ಧೂಳನ್ನು ಗಾಳಿ ಹೊಡೆದು ತೆಗೆಯುವವರೆಗೂ ಪ್ಲಗ್ ಮುಟ್ಟಬೇಡಿ, ಇಲ್ಲದಿದ್ದರೆ ಆ ಮಣ್ಣೆಲ್ಲ ಸಿಲಿಂಡರ್‌ಗೆ ಬೀಳುತ್ತದೆ. ಈಗಿನ ಹೆಚ್ಚಿನ ಕಾರುಗಳಿಗೆ 14 ಅಥವಾ 16 ಮಿ.ಮೀ. ಪ್ಲಗ್ ಸಾಕೆಟ್ ಬೇಕಾಗುತ್ತದೆ. ಬಿಚ್ಚಿದ ಪ್ಲಗ್‌ಗಳನ್ನು ಒಂದು ರಟ್ಟಿನ ಮೇಲೆ 1, 2, 3, 4 ಎಂದು ಬರೆದು ಅದೇ ಕ್ರಮದಲ್ಲಿ ಇಡಿ. ಕ್ರಮ ತಪ್ಪಿದರೆ ಪರೀಕ್ಷೆ ಮಾಡಿದ್ದೂ ವ್ಯರ್ಥ.

ತುದಿಯ ಬಿಳಿ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಉರಿಯುವಿಕೆ ಸರಿಯಾಗಿದೆ. ಎಲ್ಲ ಪ್ಲಗ್‌ಗಳೂ ಒಣ ಮಸಿಯಿಂದ ಕಪ್ಪಾಗಿದ್ದರೆ ಕಾರಣ ಎಲ್ಲ ಸಿಲಿಂಡರ್‌ಗೂ ಸೇರಿದ್ದು: ಕಟ್ಟಿದ ಏರ್ ಫಿಲ್ಟರ್, ಕೆಟ್ಟ ಆಕ್ಸಿಜನ್ ಸೆನ್ಸರ್, ಇಂಜಿನ್ ಬಿಸಿಯೇ ಆಗದಿರುವುದು, ಇಲ್ಲವೇ ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡಿಸುವುದು. ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಸಿಲಿಂಡರ್‌ನ ಇಂಜೆಕ್ಟರ್ (ಇಂಧನ ಸಿಂಪಡಿಸುವ ಭಾಗ) ಸೋರುತ್ತಿರಬಹುದು ಅಥವಾ ಕಾಯಿಲ್ ಸೋತಿರಬಹುದು. ಅದನ್ನು ತಿಳಿಯಲು ಕಾಯಿಲ್‌ಅನ್ನು ಪಕ್ಕದ ಸಿಲಿಂಡರ್‌ಗೆ ಹಾಕಿ 200 ಕಿ.ಮೀ. ಓಡಿಸಿ ಮತ್ತೆ ನೋಡಿ. ಮಸಿ ಕಾಯಿಲ್ ಜೊತೆ ಹೋದರೆ ಕಾಯಿಲ್, ಅಲ್ಲೇ ಉಳಿದರೆ ಇಂಜೆಕ್ಟರ್. ಪ್ಲಗ್ ಒದ್ದೆಯಾಗಿ ಎಣ್ಣೆ ಹೊಳಪಿದ್ದರೆ ಆಯಿಲ್ ಒಳಗೆ ಬರುತ್ತಿದೆ ಎಂದರ್ಥ. ಎಣ್ಣೆ ಥ್ರೆಡ್‌ನ ಮೇಲ್ಭಾಗದಲ್ಲಿ ಮಾತ್ರ ಇದ್ದರೆ ಟಪ್ಪೆಟ್ ಕವರ್‌ನ ಸೀಲ್ ಸೋರಿದೆಯಷ್ಟೇ, ಗಾಬರಿ ಬೇಡ.

ಪ್ಲಗ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಅದರ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮನೆಯಿಂದ ತರಕಾರಿ ಅಂಗಡಿಗೆ, ಅಲ್ಲಿಂದ ಶಾಲೆಗೆ ಹೋಗಿಬರುವ ಗಾಡಿಯಲ್ಲಿ ಆ ಶಾಖ ಬರುವಷ್ಟರಲ್ಲಿ ಇಂಜಿನ್ ಆಫ್ ಆಗಿರುತ್ತದೆ.

ವಾಪಸ್ ಹಾಕುವಾಗ ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಿಸಿ. ಕೈಗೆ ಬಿಗಿ ಅನಿಸಿದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಹಾಕಿ. 14 ಮಿ.ಮೀ. ಥ್ರೆಡ್‌ನ ಪ್ಲಗ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, 12 ಮಿ.ಮೀ. ಥ್ರೆಡ್‌ಗೆ 15ರಿಂದ 20 ಸಾಕು. ನಿಮ್ಮ ಕಾರಿನ ಕಂಪನಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಅನುಸರಿಸಿ.

ಬಿಸಿಯಾಗದ ಇಂಜಿನ್, ನಮ್ಮಲ್ಲಿ ಅತಿ ಹೆಚ್ಚು ಕಡೆಗಣಿಸಿದ ಕಾರಣ

ತಣ್ಣಗಿನ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಗೋಡೆಗೆ ಅಂಟಿಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಬೇಕಂತಲೇ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಕೂಲೆಂಟ್ (ಇಂಜಿನ್ ತಂಪಾಗಿಸುವ ದ್ರವ) ಬಿಸಿಯಾದ ಮೇಲೆ ಕಡಿಮೆ ಮಾಡುತ್ತದೆ. ಬಿಸಿಯೇ ಆಗದಿದ್ದರೆ? ದಿನವಿಡೀ ಹೆಚ್ಚು ಪೆಟ್ರೋಲ್, ದಿನವಿಡೀ ಮಸಿ.

ಬಿಸಿಯಾಗದಿರಲು ಮುಖ್ಯ ಕಾರಣ ಥರ್ಮೋಸ್ಟಾಟ್ ವಾಲ್ವ್. ಹೆಚ್ಚಿನ ಕಾರುಗಳಲ್ಲಿ ಇದು 82ರಿಂದ 88 ಡಿಗ್ರಿಗೆ ತೆರೆಯುತ್ತದೆ, ಅಲ್ಲಿಯವರೆಗೆ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುತ್ತದೆ. ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಇಂಜಿನ್ 60–70 ಡಿಗ್ರಿಯಲ್ಲೇ ತೂಗಾಡುತ್ತದೆ. ಇದಕ್ಕಿಂತ ಕೆಟ್ಟದ್ದು, ‘ನಮ್ಮ ಸೆಖೆಗೆ ಇದೆಲ್ಲ ಬೇಡ, ಗಾಡಿ ಹೀಟ್ ಆಗುತ್ತದೆ’ ಎಂದು ಕೆಲವು ಗ್ಯಾರೇಜ್‌ಗಳಲ್ಲಿ ವಾಲ್ವನ್ನೇ ಕಿತ್ತುಹಾಕುವ ಪದ್ಧತಿ. ಹಳೆಯ ಗಾಡಿ ಕೊಂಡವರು ಇದನ್ನು ಖಂಡಿತ ಪರೀಕ್ಷಿಸಬೇಕು. ಇಂಜಿನ್ ಹೀಟ್ ಆಗುವುದಕ್ಕೆ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್ ಇವುಗಳಲ್ಲಿ ಕಾರಣ ಹುಡುಕಬೇಕೇ ಹೊರತು ಥರ್ಮೋಸ್ಟಾಟ್ ತೆಗೆಯುವುದು ಪರಿಹಾರವಲ್ಲ.

ಪರೀಕ್ಷೆ ಸುಲಭ. ಓಬಿಡಿ ಪೋರ್ಟ್‌ಗೆ (ಇಂಜಿನ್ ಮಾಹಿತಿ ಓದುವ ಕಿಂಡಿ) ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಒಂದನ್ನು ಕೊಳ್ಳಿ. ಬೆಳಿಗ್ಗೆ ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿ ಹೊರಡಿ, ಫೋನಿನಲ್ಲಿ ಕೂಲೆಂಟ್ ಶಾಖವನ್ನು ಜೊತೆಗಿದ್ದವರು ನೋಡಲಿ. ಹತ್ತು ಹದಿನೈದು ನಿಮಿಷದೊಳಗೆ 85ರ ಆಸುಪಾಸಿಗೆ ಬಂದು, ಆಮೇಲೆ 85–95ರ ನಡುವೆ ನಿಲ್ಲಬೇಕು. ಖಾಲಿ ರಸ್ತೆಯಲ್ಲಿ ವೇಗ ಹಿಡಿದ ಕೂಡಲೇ 70ಕ್ಕೆ ಇಳಿದು, ಟ್ರಾಫಿಕ್‌ನಲ್ಲಿ ನಿಂತಾಗ ಮತ್ತೆ ಏರಿದರೆ ವಾಲ್ವ್ ತೆರೆದೇ ಇದೆ ಅಥವಾ ಇಲ್ಲವೇ ಇಲ್ಲ. ಸ್ಕ್ಯಾನರ್‌ನಲ್ಲಿ ಪಿ0128 ಎಂಬ ದೋಷದ ಕೋಡ್ ಬಂದರೂ ಬಹುಪಾಲು ಇದೇ ಅರ್ಥ.

ಸ್ಕ್ಯಾನರ್ ಇದ್ದಾಗಲೇ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಇಂಧನವನ್ನು ಎಷ್ಟು ಶೇಕಡ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಿ. ಸೊನ್ನೆಯ ಹತ್ತಿರ ಇದ್ದರೆ ಒಳ್ಳೆಯದು. ಮೈನಸ್ 10 ಶೇಕಡಕ್ಕಿಂತ ಕೆಳಗಿದ್ದರೆ ಎಲ್ಲಿಂದಲೋ ಹೆಚ್ಚು ಇಂಧನ ಬರುತ್ತಿದೆ, ಇಸಿಯು ಅದನ್ನು ತಗ್ಗಿಸಲು ಒದ್ದಾಡುತ್ತಿದೆ. ಸೋರುವ ಇಂಜೆಕ್ಟರ್, ತಪ್ಪು ಲೆಕ್ಕ ಕೊಡುವ ಮ್ಯಾಪ್ (ಗಾಳಿಯ ಒತ್ತಡ ಅಳೆಯುವ) ಅಥವಾ ಮಾಫ್ (ಗಾಳಿಯ ಪ್ರಮಾಣ ಅಳೆಯುವ) ಸೆನ್ಸರ್ ಕಡೆ ಗಮನ ಕೊಡಿ.

ಆಯಿಲ್ ಒಳಗೆ ಬರುವ ದಾರಿಗಳು

ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಹೊಗೆ ಆಯಿಲ್ ಆವಿಯೊಡನೆ ಸೇರಿ ಇಂಜಿನ್‌ನ ಕೆಳಭಾಗದ ಕ್ರ್ಯಾಂಕ್‌ಕೇಸ್‌ನಲ್ಲಿ ತುಂಬುತ್ತದೆ. ಅದನ್ನು ಹೊರಗೆ ಬಿಡುವಂತಿಲ್ಲವಾದ್ದರಿಂದ ಪಿಸಿವಿ ವಾಲ್ವ್ ಮೂಲಕ ಮತ್ತೆ ಗಾಳಿ ಒಳಹೋಗುವ ಇನ್‌ಟೇಕ್‌ಗೇ ಎಳೆದುಕೊಂಡು ಸುಡುತ್ತಾರೆ. ಈ ಚಿಕ್ಕ ವಾಲ್ವ್ ಅಥವಾ ಅದರ ರಬ್ಬರ್ ಪೊರೆ ಕೆಟ್ಟರೆ ಆಯಿಲ್ ಹನಿಹನಿಯಾಗಿ ಇನ್‌ಟೇಕ್‌ಗೆ ಹೋಗುತ್ತದೆ. ಇಂಜಿನ್ ಐಡಲ್‌ನಲ್ಲಿರುವಾಗ (ರೇಸ್ ಕೊಡದೆ ನಿಂತಲ್ಲೇ ಓಡುವಾಗ) ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಹಾಳೆ ಮೆಲ್ಲಗೆ ಒಳಕ್ಕೆ ಎಳೆದರೆ ಸರಿ. ಸಿಳ್ಳೆ ಹೊಡೆಯುವಷ್ಟು ಜೋರಾಗಿ ಎಳೆದರೆ ಪೊರೆ ಹರಿದಿದೆ. ಹಾಳೆಯನ್ನು ಹೊರಕ್ಕೆ ತಳ್ಳಿದರೆ ಪಿಸಿವಿ ಕಟ್ಟಿದೆ, ಇಲ್ಲವೇ ರಿಂಗ್‌ಗಳು ಸವೆದಿವೆ.

ಆಯಿಲ್ ಹೆಚ್ಚು ತುಂಬಿಸಿದರೂ ಇದೇ ಗತಿ. ಡಿಪ್‌ಸ್ಟಿಕ್‌ನ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಹೆಚ್ಚಿನ ಕಾರುಗಳಲ್ಲಿ ಸುಮಾರು ಒಂದು ಲೀಟರ್. ‘ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು’ ಎಂದು ಮೇಲಿನ ಗೆರೆ ದಾಟಿಸಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಆ ತುಂತುರು ಬ್ರೀದರ್ ಪೈಪಿನಲ್ಲಿ ನೇರ ಇನ್‌ಟೇಕ್‌ಗೆ. ಸಮತಟ್ಟು ಜಾಗದಲ್ಲಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಅಳೆಯಿರಿ. ಮೇಲಿನ ಗೆರೆಗಿಂತ ಒಂದಿಷ್ಟು ಕೆಳಗೇ ಇರಲಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಉಸಿರು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ದಂಡದ ಸುತ್ತ ಆಯಿಲ್ ತಡೆಯುವ ರಬ್ಬರ್, ಅಂದರೆ ವಾಲ್ವ್ ಸ್ಟೆಮ್ ಸೀಲ್, ಗಟ್ಟಿಯಾಗಿದೆ. ಏರಿನಲ್ಲಿ ರೇಸ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಂದರೆ ರಿಂಗ್‌ಗಳನ್ನು ಅನುಮಾನಿಸಿ. 1,000 ಕಿ.ಮೀ.ಗೆ ಅರ್ಧ ಲೀಟರ್‌ಗಿಂತ ಹೆಚ್ಚು ಆಯಿಲ್ ಕುಡಿಯುತ್ತಿರುವ ಗಾಡಿಗೆ ಕಾರ್ಬನ್ ಕ್ಲೀನಿಂಗ್ ಮಾಡಿಸುವುದು ತೂತು ಮಡಕೆಗೆ ನೀರು ಹೊಯ್ದಂತೆ. ಮೊದಲು ಆಯಿಲ್ ನಿಲ್ಲಿಸಿ.

ಡೈರೆಕ್ಟ್ ಇಂಜೆಕ್ಷನ್ ಗಾಡಿಗಳ ಕಥೆಯೇ ಬೇರೆ

ಸಾಮಾನ್ಯ ಎಂಪಿಎಫ್‌ಐ ಇಂಜಿನ್‌ನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್‌ನ ಬೆನ್ನಿಗೆ ಬೀಳುತ್ತದೆ. ಅದರಲ್ಲಿರುವ ಡಿಟರ್ಜೆಂಟ್ ವಾಲ್ವನ್ನು ಪ್ರತಿ ಸುತ್ತಿಗೂ ತೊಳೆಯುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಇಂಜೆಕ್ಟರ್ ಸಿಲಿಂಡರ್‌ನ ಒಳಗೇ ಸಿಂಪಡಿಸುತ್ತದೆ, ವಾಲ್ವ್‌ಗೆ ಪೆಟ್ರೋಲ್ ಸೋಕುವುದೇ ಇಲ್ಲ. ಪಿಸಿವಿಯಿಂದ ಬಂದ ಆಯಿಲ್ ಆವಿ ಬಿಸಿ ವಾಲ್ವ್‌ಗೆ ಅಂಟಿ, ಪದರದ ಮೇಲೆ ಪದರ ಸುಟ್ಟು, ಕೊನೆಗೆ ವಾಲ್ವ್‌ನ ಕುತ್ತಿಗೆ ಸುತ್ತ ಕರಿ ಹುತ್ತ ಬೆಳೆದಂತಾಗುತ್ತದೆ. ಗಾಳಿಯ ದಾರಿ ಕಿರಿದಾಗುತ್ತದೆ. ತಣ್ಣಗಿನ ಸ್ಟಾರ್ಟ್‌ನಲ್ಲಿ ನಡುಕ, ಪಿ0300 ಮಿಸ್‌ಫೈರ್ ಕೋಡ್ ಬರುವುದು ಇದರ ಗುರುತು.

ಹ್ಯುಂಡೈ 1.0 ಟರ್ಬೋ ಜಿಡಿಐ, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನ 1.0 ಹಾಗೂ 1.5 ಟಿಎಸ್‌ಐ, ಮಾರುತಿಯ 1.0 ಬೂಸ್ಟರ್‌ಜೆಟ್, ಮಹೀಂದ್ರಾದ ಟಿಜಿಡಿಐ ಇವೆಲ್ಲ ಡೈರೆಕ್ಟ್ ಇಂಜೆಕ್ಷನ್. ಮಾರುತಿಯ ಡ್ಯುಯಲ್‌ಜೆಟ್ ಹೆಸರು ಕೇಳಿ ಅದನ್ನೂ ಈ ಸಾಲಿಗೆ ಸೇರಿಸುವವರಿದ್ದಾರೆ. ಅದರಲ್ಲಿ ಸಿಲಿಂಡರ್‌ಗೆ ಎರಡು ಇಂಜೆಕ್ಟರ್ ಇದ್ದರೂ ಎರಡೂ ವಾಲ್ವ್‌ನ ಹೊರಗಿನ ಗಾಳಿದಾರಿಯಾದ ಪೋರ್ಟ್‌ನಲ್ಲೇ ಇರುತ್ತವೆ, ಪೆಟ್ರೋಲ್ ವಾಲ್ವನ್ನು ತೊಳೆಯುತ್ತಲೇ ಇರುತ್ತದೆ.

ಡೈರೆಕ್ಟ್ ಇಂಜೆಕ್ಷನ್ ಗಾಡಿಯ ಟ್ಯಾಂಕ್‌ಗೆ ಯಾವ ದುಬಾರಿ ಅಡಿಟಿವ್ ಹಾಕಿದರೂ ಅದು ವಾಲ್ವ್‌ನ ಬೆನ್ನು ತಲುಪುವುದಿಲ್ಲ. ಇಂಜೆಕ್ಟರ್ ತುದಿ ಮತ್ತು ಪಿಸ್ಟನ್ ತಲೆಗೆ ಮಾತ್ರ ಅದರ ಉಪಯೋಗ. ವಾಲ್ವ್ ನೋಡಬೇಕಾದರೆ ಇನ್‌ಟೇಕ್ ಮೂಲಕ 5.5 ಮಿ.ಮೀ. ದಪ್ಪದ ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿ ನೋಡಬಹುದು. ತೆಳು ಕಪ್ಪು ಬಣ್ಣ ಇದ್ದರೆ ಬಿಟ್ಟುಬಿಡಿ. ವಾಲ್ವ್‌ನ ಆಕಾರವೇ ಮುಚ್ಚಿಹೋಗಿದ್ದರೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಬಿಚ್ಚಿ, ಆಯಾ ಸಿಲಿಂಡರ್‌ನ ಎರಡೂ ಇನ್‌ಟೇಕ್ ವಾಲ್ವ್ ಮುಚ್ಚಿರುವ ಸ್ಥಿತಿಗೆ ಕ್ರ್ಯಾಂಕ್ ತಿರುಗಿಸಿ, ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯೊತ್ತಡದಲ್ಲಿ ಹೊಡೆದು ವ್ಯಾಕ್ಯೂಮ್‌ನಲ್ಲಿ ಎಳೆಯಬೇಕು. ಈ ಸಲಕರಣೆ ಎಲ್ಲ ಕಡೆ ಇಲ್ಲ. ಇಲ್ಲದಿದ್ದರೆ ಕ್ಲೀನರ್ ದ್ರವದಲ್ಲಿ ನೆನೆಸಿ ನೈಲಾನ್ ಬ್ರಷ್‌ನಲ್ಲಿ ಕೆರೆದು ತೆಗೆಯುತ್ತಾರೆ. ನಾಲ್ಕು ಸಿಲಿಂಡರ್‌ಗೆ ಅರ್ಧ ದಿನಕ್ಕೂ ಹೆಚ್ಚು ಹಿಡಿಯುವ ಕೆಲಸ. ವಾಲ್ವ್ ಸ್ವಲ್ಪವೇ ತೆರೆದಿದ್ದರೂ ಕೆರೆದ ಕಿಟ್ಟ ಸಿಲಿಂಡರ್‌ಗೆ ಬಿದ್ದು ಗೋಡೆ ಗೀರುತ್ತದೆ, ಆದ್ದರಿಂದ ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕವಾಗಿ ಪರೀಕ್ಷಿಸಿ ಮುಂದುವರಿಯಲು ಹೇಳಿ.

ಡೀಸೆಲ್: ಮಸಿ ಮತ್ತು ಎಣ್ಣೆ ಸೇರಿದಾಗ

ಡೀಸೆಲ್‌ನಲ್ಲಿ ಇಜಿಆರ್ ವಾಲ್ವ್ ಸೈಲೆನ್ಸರ್ ಕಡೆಯ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇನ್‌ಟೇಕ್‌ಗೆ ತಿರುಗಿಸುತ್ತದೆ. ಉರಿಯ ಶಾಖ ತಗ್ಗಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲು ಈ ಏರ್ಪಾಟು. ಹೊಗೆಯ ಒಣ ಮಸಿ ಬ್ರೀದರ್‌ನಿಂದ ಬಂದ ಆಯಿಲ್ ಆವಿಗೆ ಸೇರಿದರೆ ರಸ್ತೆಗೆ ಹಾಕುವ ಡಾಂಬರಿನಂತಹ ಮುದ್ದೆಯಾಗುತ್ತದೆ. ಹೆಬ್ಬೆರಳು ಸಲೀಸಾಗಿ ಹೋಗುವ ದಾರಿಯಲ್ಲಿ ಕೊನೆಗೆ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿರುತ್ತದೆ. ಗಾಳಿ ಕಡಿಮೆಯಾದಂತೆ ಮಸಿ ಇನ್ನೂ ಹೆಚ್ಚುತ್ತದೆ, ಹೀಗೆ ಒಂದಕ್ಕೊಂದು ಪುಷ್ಟಿ ಕೊಡುತ್ತಾ ಹೋಗುತ್ತದೆ. ಪಿ0401 ಕೋಡ್, ಕಪ್ಪು ಹೊಗೆ, ಶಿರಾಡಿ ಘಾಟಿಯಂಥ ಏರಿನಲ್ಲಿ ಥಟ್ಟನೆ ಪಿಕಪ್ ಸತ್ತು ಲಿಂಪ್ ಮೋಡ್‌ಗೆ (ಇಂಜಿನ್ ಉಳಿಸಲು ಇಸಿಯು ಶಕ್ತಿ ತಗ್ಗಿಸುವ ಸ್ಥಿತಿ) ಹೋಗುವುದು ಇವೆಲ್ಲ ಇಲ್ಲಿಂದ ಬರಬಹುದು. ಘಾಟಿಯಲ್ಲಿ ಪಿಕಪ್ ಸಾಯಲು ಟರ್ಬೋದ ಕೋನ ಬದಲಿಸುವ ರೆಕ್ಕೆಗಳು ಮಸಿಗೆ ಸಿಕ್ಕಿಕೊಂಡಿರುವುದೂ ಕಾರಣವಿರುತ್ತದೆ.

ಇಜಿಆರ್ ಬಿಚ್ಚುವ ಮೊದಲು ಟರ್ಬೋ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ನ ಹೋಸ್‌ಗಳನ್ನು ಕೈಯಾಡಿಸಿ ನೋಡಿ. ಜೋಡಣೆಯಲ್ಲಿ ಹಸಿ ಎಣ್ಣೆ ಇದ್ದರೆ, ಅಲ್ಲೇ ಸಣ್ಣ ಬಿರುಕಿನಿಂದ ಟರ್ಬೋ ಗಾಳಿ ಹೊರಹೋಗುತ್ತಿದೆ. ಕೆಲವು ನೂರು ರೂಪಾಯಿಯ ಕ್ಲ್ಯಾಂಪ್ ಬಿಗಿಗೊಳಿಸಿದರೆ ಹೋಗುವ ಹೊಗೆಗೆ ಇಂಜೆಕ್ಟರ್ ಬದಲಿಸಿದ ಉದಾಹರಣೆಗಳು ಬೇಕಾದಷ್ಟಿವೆ.

ಇಜಿಆರ್ ಸ್ವಚ್ಛ ಮಾಡುವ ಕ್ರಮ:

1. ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕನೆಕ್ಟರ್ ಮತ್ತು ಪೈಪ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಗ್ಯಾಸ್ಕೆಟ್ ಕೈಯಲ್ಲಿಲ್ಲದೆ ಕೆಲಸ ಶುರು ಮಾಡಬೇಡಿ.
2. ವಾಲ್ವ್ ತೆಗೆದ ಮೇಲೆ ಮೋಟಾರ್ ಇರುವ ಭಾಗ ಮೇಲಕ್ಕಿರುವಂತೆ ಹಿಡಿದು, ಲೋಹದ ಭಾಗಕ್ಕೆ ಮಾತ್ರ ಇಜಿಆರ್ ಕ್ಲೀನರ್ ಸಿಂಪಡಿಸಿ. ಇಡೀ ವಾಲ್ವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿದರೆ ಒಳಗಿನ ಎಲೆಕ್ಟ್ರಾನಿಕ್ಸ್ ಕೆಡುತ್ತದೆ.
3. ಹದಿನೈದು ನಿಮಿಷ ನೆನೆಯಲು ಬಿಟ್ಟು ಪ್ಲಾಸ್ಟಿಕ್ ಕಡ್ಡಿ, ಹಳೆಯ ಟೂತ್‌ಬ್ರಷ್‌ನಲ್ಲಿ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಿ ವಾಲ್ವ್ ಕೂರುವ ಅಂಚನ್ನು ಗೀರಿದರೆ ಮುಂದೆ ಅದು ಪೂರ್ತಿ ಮುಚ್ಚುವುದಿಲ್ಲ.
4. ಮ್ಯಾನಿಫೋಲ್ಡ್ ಇಂಜಿನ್ ಮೇಲಿರುವಾಗ ಅದರೊಳಗೆ ಕೆರೆಯಬೇಡಿ. ಮುದ್ದೆ ಒಳಗೆ ಬೀಳುತ್ತದೆ. ಅಲ್ಲೂ ಕಟ್ಟಿದ್ದರೆ ಮ್ಯಾನಿಫೋಲ್ಡ್ ಬಿಚ್ಚಿಯೇ ತೊಳೆಯಬೇಕು.
5. ಪೂರ್ತಿ ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ. ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ, ವಾಲ್ವ್‌ನ ಹೊಸ ಸ್ಥಿತಿಯನ್ನು ಇಸಿಯು ಕಲಿಯುವಂತೆ ಇಜಿಆರ್ ಅಡಾಪ್ಟೇಷನ್ ಮಾಡಿಸಿ.

ಇಜಿಆರ್‌ಗೆ ತಗಡು ಅಡ್ಡ ಹಾಕಿ ಮುಚ್ಚಿಬಿಡುವ ಸಲಹೆಗೆ ಒಪ್ಪಬೇಡಿ. ಹೊಗೆ ನಿಯಮದ ಉಲ್ಲಂಘನೆ ಅದು. ಬಿಎಸ್6 ಗಾಡಿಯಲ್ಲಿ ಇಸಿಯು ತಕ್ಷಣ ಗುರುತಿಸಿ ಲೈಟ್ ಹಾಕುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್ ಕೂಡ ಇದೆ. ಅದರಲ್ಲಿ ಹಿಡಿದ ಮಸಿಯನ್ನು ಸುಮಾರು 600 ಡಿಗ್ರಿಯಲ್ಲಿ ಗಾಡಿಯೇ ಸುಡುತ್ತದೆ, ಆದರೆ ಅದಕ್ಕೆ ನಿಲ್ಲದ ಓಟ ಬೇಕು. ಡಿಪಿಎಫ್ ಲೈಟ್ ಬಂದರೆ ನೈಸ್ ರಸ್ತೆಯಂತಹ ದಾರಿಯಲ್ಲಿ 60 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ, 2,000 ಆರ್‌ಪಿಎಂ ಮೇಲೆ ಇರುವಂತೆ ಒಂದು ಗೇರ್ ಕೆಳಗಿಟ್ಟು 20 ನಿಮಿಷ ಓಡಿಸಿ. ಮಧ್ಯೆ ಆಫ್ ಮಾಡುತ್ತಲೇ ಬಂದರೆ ಸುಡಲೆಂದು ಬಿಟ್ಟ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುವ ಬದಲು ಏರಿದ್ದು ಕಂಡರೆ, ಸರ್ವಿಸ್ ದಿನಾಂಕಕ್ಕೆ ಕಾಯದೆ ಆಯಿಲ್ ಬದಲಿಸಿ. ಈ ಗಾಡಿಗಳಿಗೆ ಬೂದಿ ಕಡಿಮೆ ಬಿಡುವ ಎಸಿಇಎ ಎಂಬ ಯುರೋಪಿನ ಮಾನದಂಡದ ಸಿ2 ಅಥವಾ ಸಿ3 ದರ್ಜೆಯ ಆಯಿಲ್ ಬೇಕು, ಮ್ಯಾನ್ಯುಯಲ್‌ನಲ್ಲಿ ಯಾವುದೆಂದು ನೋಡಿ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ.

ಯಾವ ಕ್ಲೀನಿಂಗ್‌ಗೆ ದುಡ್ಡು ಕೊಡಬಹುದು

ಇಂಜಿನ್‌ಗೆ ಹೋಗುವ ಗಾಳಿಯನ್ನು ಒಂದು ತಟ್ಟೆಯಿಂದ ನಿಯಂತ್ರಿಸುವ ಥ್ರಾಟಲ್ ಬಾಡಿಯ ಕ್ಲೀನಿಂಗನ್ನು ಹೆಚ್ಚಿನವರು ಮನೆಯಲ್ಲೇ ಮಾಡಬಹುದು. ಬ್ಯಾಟರಿ ನೆಗೆಟಿವ್ ಬಿಚ್ಚಿ, ಏರ್ ಪೈಪ್ ತೆಗೆದು, ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಒರೆಸಿ. ನೇರ ಒಳಗೆ ಸುರಿಯಬೇಡಿ. ಮುಖ್ಯವಾಗಿ ತಟ್ಟೆಯ ಅಂಚು ಗೋಡೆಗೆ ತಾಗುವ ಗೆರೆಯಲ್ಲಿ ಕಪ್ಪು ಉಂಗುರ ಕಟ್ಟಿರುತ್ತದೆ, ಐಡಲ್ ತಪ್ಪುವುದು ಅದರಿಂದಲೇ. ಎಲೆಕ್ಟ್ರಾನಿಕ್ ಥ್ರಾಟಲ್‌ನ ತಟ್ಟೆಯನ್ನು ಬೆರಳಿನಿಂದ ಒತ್ತಿ ತೆರೆದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಮುರಿಯಬಹುದು. ಹಿಂಭಾಗ ಒರೆಸಲೇಬೇಕಿದ್ದರೆ ಥ್ರಾಟಲ್ ಬಿಚ್ಚಿ ಹೊರತೆಗೆಯಿರಿ. ಕೆಲವು ಥ್ರಾಟಲ್‌ಗಳ ಒಳಗೋಡೆಗೆ ಲೇಪನವಿರುತ್ತದೆ, ವೈರ್ ಬ್ರಷ್ ಹಾಕಿದರೆ ಅದು ಹೋಗಿ ಐಡಲ್ ಶಾಶ್ವತವಾಗಿ ಏರುತ್ತದೆ. ಮಾಫ್ ಸೆನ್ಸರ್‌ಗೆ ಅದರದ್ದೇ ಕ್ಲೀನರ್ ಇದೆ, ಥ್ರಾಟಲ್ ಕ್ಲೀನರ್ ಸೋಕಿಸಬೇಡಿ. ಜೋಡಿಸಿದ ಮೇಲೆ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ 30 ಸೆಕೆಂಡ್ ಆನ್ ಇಟ್ಟು ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ಹತ್ತು ನಿಮಿಷದ ನಂತರವೂ ಐಡಲ್ 1,200ರ ಮೇಲೇ ನಿಂತಿದ್ದರೆ ಸ್ಕ್ಯಾನರ್‌ನಲ್ಲಿ ಐಡಲ್ ರೀಲರ್ನ್ (ಇಸಿಯು ಐಡಲ್ ಮಟ್ಟವನ್ನು ಮತ್ತೆ ಕಲಿಯುವ ಕ್ರಮ) ಮಾಡಿಸಬೇಕು.

ಪೆಟ್ರೋಲ್ ಅಡಿಟಿವ್‌ಗಳಲ್ಲಿ ಪಿಇಎ, ಅಂದರೆ ಪಾಲಿಈಥರ್‌ಅಮೈನ್, ಇರುವುದನ್ನೇ ಆರಿಸಿ. ಎಂಪಿಎಫ್‌ಐ ಗಾಡಿಯಲ್ಲಿ ಇಂಜೆಕ್ಟರ್, ವಾಲ್ವ್, ಪಿಸ್ಟನ್ ತಲೆ ಮೂರಕ್ಕೂ ಅದರಿಂದ ಉಪಯೋಗವಿದೆ. ಟ್ಯಾಂಕ್ ಬಹುತೇಕ ಖಾಲಿ ಇರುವಾಗ ಬಾಟಲಿಯ ಮೇಲೆ ಬರೆದ ಅಳತೆಯಷ್ಟು ಹಾಕಿ, ಆಮೇಲೆ ಪೆಟ್ರೋಲ್ ತುಂಬಿಸಿ. ಆಗ ಚೆನ್ನಾಗಿ ಬೆರೆಯುತ್ತದೆ. ಆಯಿಲ್ ಬದಲಿಸುವ ಹಿಂದಿನ ಟ್ಯಾಂಕ್‌ನಲ್ಲಿ ಹಾಕಿದರೆ, ಕರಗಿ ಕೆಳಗಿಳಿದ ಕೊಳೆ ಹಳೆಯ ಆಯಿಲ್ ಜೊತೆಗೇ ಹೊರಹೋಗುತ್ತದೆ. ಅಳತೆ ಮೀರಿ ಹಾಕಿದರೆ ಲಾಭವಿಲ್ಲ.

ಏರ್ ಪೈಪಿಗೆ ಅನಿಲ ಬಿಟ್ಟು ಅರ್ಧ ಗಂಟೆ ಐಡಲ್‌ನಲ್ಲಿ ಓಡಿಸುವ ಹೈಡ್ರೋಜನ್ ಮಷಿನ್ ಕ್ಲೀನಿಂಗ್‌ಗೆ ನಮ್ಮ ಸಲಹೆ ಇಲ್ಲ. ವಾಲ್ವ್‌ಗೆ ಕಲ್ಲಿನಂತೆ ಅಂಟಿದ ಕಿಟ್ಟ ಅದರಿಂದ ಬಿಡುವುದಿಲ್ಲ. ಮಾಡಿಸಲೇಬೇಕೆಂದಿದ್ದರೆ ಮೊದಲು ಮತ್ತು ನಂತರ ಎಂಡೋಸ್ಕೋಪ್ ಚಿತ್ರ ತೋರಿಸಲು ಕೇಳಿ. ಓಡುತ್ತಿರುವ ಇಂಜಿನ್‌ಗೆ ನೀರು ಹನಿಸುವ ಪ್ರಯೋಗವಂತೂ ಬೇಡವೇ ಬೇಡ. ನೀರು ಕುಗ್ಗುವುದಿಲ್ಲ, ಸ್ವಲ್ಪ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಓಡಿಸುವಾಗ ಬದಲಿಸಬೇಕಾದದ್ದು

ಮೈಲೇಜ್ ಆಸೆಗೆ 30 ಕಿ.ಮೀ. ವೇಗದಲ್ಲೇ ನಾಲ್ಕನೇ ಗೇರ್ ಹಾಕಿ ಇಂಜಿನ್ ಗುದ್ದುವಂತೆ ಎಳೆಸುವ ಅಭ್ಯಾಸ ಬಿಡಿ. ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಭಾರ ಬಿದ್ದರೆ ಡೀಸೆಲ್ ಗಾಡಿ ಮಸಿ ಉಗುಳುತ್ತದೆ, ಟರ್ಬೋ ಪೆಟ್ರೋಲ್ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ಸಿಡಿದು ಟಕಟಕ ಸದ್ದಾಗುವುದು) ಕಡೆಗೆ ಜಾರುತ್ತದೆ. ಬೆಳಿಗ್ಗೆ ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡುವುದೂ ಬೇಡ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ಇಂಜಿನ್ ಬೇಗ ಬಿಸಿಯಾಗುತ್ತದೆ. ವಾರಕ್ಕೊಮ್ಮೆಯಾದರೂ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ, 20–30 ನಿಮಿಷ 2,500–3,000 ಆರ್‌ಪಿಎಂನಲ್ಲಿ ಹೆದ್ದಾರಿ ಓಟ ಕೊಡಿ. ಪೆಟ್ರೋಲ್ ಹಾಕಿಸಿದ ಮರುದಿನದಿಂದಲೇ ಗಾಡಿ ಹೊಗೆಯಾಡಿದರೆ, ನಾಕಿಂಗ್ ಶುರುವಾದರೆ, ಆ ಬಂಕ್ ಬಿಟ್ಟು ಬೇರೆ ಕಡೆ ಎರಡು ಟ್ಯಾಂಕ್ ಹಾಕಿಸಿ ನೋಡಿ. ಬೆರಕೆಯಾದ ಪೆಟ್ರೋಲ್‌ನ ಮಸಿ ಹೀಗೇ ಪತ್ತೆಯಾಗುವುದು. ಸಿಎನ್‌ಜಿ ಗಾಡಿಯವರು ವಾರಕ್ಕೆ ಹತ್ತಿಪ್ಪತ್ತು ಕಿ.ಮೀ. ಪೆಟ್ರೋಲ್‌ನಲ್ಲೂ ಓಡಿಸಬೇಕು, ಇಲ್ಲದಿದ್ದರೆ ಕೆಲಸವಿಲ್ಲದ ಪೆಟ್ರೋಲ್ ಇಂಜೆಕ್ಟರ್‌ಗಳು ಅಂಟು ಹಿಡಿಯುತ್ತವೆ. ಏರ್ ಫಿಲ್ಟರನ್ನು 5,000 ಕಿ.ಮೀ.ಗೊಮ್ಮೆ ತೆಗೆದು ನೋಡಿ. ಮಣ್ಣಿನ ರಸ್ತೆಯ ಊರುಗಳಲ್ಲಿ ಪುಸ್ತಕದ ಲೆಕ್ಕಕ್ಕಿಂತ ಬೇಗ ಬದಲಿಸಬೇಕಾಗುತ್ತದೆ.

ಮೂಲ ಸರಿಪಡಿಸಿ ಕ್ಲೀನಿಂಗ್ ಮುಗಿದ ದಿನ ಪ್ಲಗ್‌ಗಳ ಫೋಟೋ, ಫ್ಯೂಯೆಲ್ ಟ್ರಿಮ್, ಡಿಪ್‌ಸ್ಟಿಕ್‌ನ ಮಟ್ಟ ಮತ್ತು ಓಡೋಮೀಟರ್ ಅಂಕಿಯನ್ನು ಬರೆದಿಡಿ. 3,000 ಕಿ.ಮೀ. ಓಡಿದ ಮೇಲೆ ಅದೇ ರಟ್ಟಿನ ಮೇಲೆ ಪ್ಲಗ್‌ಗಳನ್ನು ಮತ್ತೆ ಸಾಲಾಗಿಟ್ಟು ಹೋಲಿಸಿ. ತಿಳಿ ಕಂದು ಬಣ್ಣ ಉಳಿದಿದ್ದರೆ ಮೂಲ ಸಿಕ್ಕಿದೆ. ಒಂದು ಪ್ಲಗ್ ಮಾತ್ರ ಮತ್ತೆ ಕಪ್ಪಾಗಿದ್ದರೆ ಆ ಸಿಲಿಂಡರ್‌ನ ಇಂಜೆಕ್ಟರನ್ನು ಬಿಚ್ಚಿಸಿ, ಬೆಂಚ್ ಮೇಲೆ ಸೋರಿಕೆ ಪರೀಕ್ಷೆ ಮಾಡಿಸಿ.